ಮುಳ್ಳು ಹೇಳದ ಅಂಕಿ

ಟ್ರಾನ್ಸ್‌ಫಾರ್ಮರ್ ಸಿಡಿದು ಸತ್ತ ಆಪರೇಟರನೇ ಆ ಸಿಡಿತಕ್ಕೆ ಹೊಣೆ ಎಂದು ಗಿರಣಿ ಬರೆದುಕೊಂಡಿತು. ಅವನ ತಂಗಿ ಏಳು ದಿನದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು ಎಂದು ಅದೇ ಕಾಗದದಲ್ಲಿ ಬರೆಯಿತು.

ಏಳರಲ್ಲಿ ನಾಲ್ಕು ದಿನ ಮುಗಿದಿದ್ದವು.

“ಓದಿದ್ರಾ ಅಕ್ಕ?” ತಂಗಿ ಕೇಳಿದಳು.

ಟೆಸ್ಟರಮ್ಮ ನೋಟೀಸನ್ನು ಓದಿ ಆಗಿತ್ತು. ಈಗ ಅದಕ್ಕೆ ಪಿನ್ ಹಾಕಿದ್ದ ಇನ್ನೊಂದು ಹಾಳೆಯ ಮೇಲೆ ಅವಳ ತೋರುಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಸಿಡಿದ ದಿನದ ಲಾಗ್ ಶೀಟಿನ ನಕಲು ಅದು. ಸಬ್‌ಸ್ಟೇಷನ್ನಿನ ಆಪರೇಟರ್ ಗಂಟೆಗೊಮ್ಮೆ ಮೀಟರ್ ನೋಡಿ ಮೂರು ತಂತಿಗಳ ಕರೆಂಟನ್ನು ತುಂಬುವ ಹಾಳೆ.

ಗಿರಣಿಯ ಹಿಂಬದಿಯ ರಿಪೇರಿ ಶೆಡ್ಡಿನಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷೆ ಮಾಡುತ್ತ ಅವಳಿಗೆ ಇಪ್ಪತ್ತಾರು ವರ್ಷವಾಗಿತ್ತು. ಹೆಸರು ಹಿಡಿದು ಕರೆಯುತ್ತಿದ್ದವರು ಒಬ್ಬೊಬ್ಬರೇ ಇಲ್ಲವಾಗಿ, ಈಗ ಸಂಬಳದ ಪಟ್ಟಿ ಒಂದೇ ಆ ಕೆಲಸ ಮಾಡುತ್ತಿತ್ತು. ಉಳಿದವರಿಗೆಲ್ಲ ಅವಳು ಟೆಸ್ಟರಮ್ಮ.

“ಕೂತ್ಕೋ,” ಎಂದಳು.

ಶೆಡ್ಡಿನಲ್ಲಿ ಇದ್ದದ್ದು ಒಂದೇ ಸ್ಟೂಲು. ಎರಡನೆಯದು ಬೇಕಾದ ಸಂದರ್ಭವೇ ಬಂದಿರಲಿಲ್ಲ. ತಂಗಿ ಕೂತಳು, ಟೆಸ್ಟರಮ್ಮ ನಿಂತೇ ಓದಿದಳು.

ಏಳು ಗಂಟೆ: 733, 733, 733. ಎಂಟಕ್ಕೆ 747, ಮೂರು ಸಲ. ಒಂಬತ್ತಕ್ಕೆ 760. ಹತ್ತಕ್ಕೆ 773. ಹನ್ನೊಂದಕ್ಕೆ 787. ಹನ್ನೆರಡಕ್ಕೆ 800. ಒಂದು ಗಂಟೆಯ ಸಾಲು ಖಾಲಿ. ಒಂದು ಗಂಟೆಗೆ ಅಂಗಳದಲ್ಲಿ ಎಣ್ಣೆ ಹೊತ್ತಿಕೊಂಡಿತ್ತು, ಅವನು ಅದರ ಮಗ್ಗುಲಲ್ಲೇ ನಿಂತಿದ್ದ.

“ಐನೂರು ಕೆವಿಎ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರು. ಅದರ ಮಿತಿ ಆರುನೂರ ಅರವತ್ತೇಳು ಆಂಪಿಯರ್,” ಟೆಸ್ಟರಮ್ಮ ಹೇಳಿದಳು. “ಈ ಹಾಳೆ ಪ್ರಕಾರ ನಿಮ್ಮಣ್ಣ ಬೆಳಗಿಂದ ಮಿತಿ ಮೀರಿ ಓಡಿಸ್ತಾ, ಸುಮ್ನೆ ನೋಡ್ತಾ ಕೂತಿದ್ದ.”

“ಅವನು ಸುಮ್ನೆ ಕೂರೋನಾ ಅಕ್ಕ? ಊಟಕ್ಕೆ ಬಂದ್ರೂ ಅರ್ಧ ಜೀವ ಮೀಟರ್ ಹತ್ರಾನೇ ಬಿಟ್ಟು ಬರ್ತಿದ್ದ.”

“ಮೀಟರ್ ಮುಳ್ಳು ಬಿಟ್ಟು ಕದಲೋನಲ್ಲ. ಅದಕ್ಕೇ ತಾನೆ ಮುಳ್ಳಣ್ಣ ಅಂತ ಹೆಸರಿಟ್ಟದ್ದು.”

ತಂಗಿ ನಕ್ಕಳು. ನಗು ಬಂದದ್ದಕ್ಕೆ ತಾನೇ ಬೆಚ್ಚಿದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನಿಗೂ ಮದುವೆಯಿಲ್ಲ, ತಂಗಿಗೂ ಇಲ್ಲ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಬ್ಬರೇ. ಈಗ ಎರಡು ಕೋಣೆಗೆ ಒಬ್ಬಳು.

“ಇಲ್ಲಿ ಬಾ. ಇದನ್ನ ನೋಡು.”

ಗೋಡೆಯ ಬೋರ್ಡಿನಲ್ಲಿ ಒಂದು ದುಂಡು ಮೀಟರಿತ್ತು. ಸಬ್‌ಸ್ಟೇಷನ್ನಿನ ಪ್ಯಾನೆಲ್ಲಿನಲ್ಲಿ ಇರುವುದೂ ಇದರ ಜೋಡಿಯೇ. ಸೊನ್ನೆಯಿಂದ ಎಂಟುನೂರರವರೆಗೆ ಗೆರೆಗಳು.

“ಗೆರೆಯಿಂದ ಗೆರೆಗೆ ಎಷ್ಟು?”

ತಂಗಿ ಎಣಿಸಿದಳು. “ಇಪ್ಪತ್ತು.”

“ಮುಳ್ಳು ಎರಡು ಗೆರೆ ಮಧ್ಯೆ ನಿಂತ್ರೆ ಹತ್ತು ಅಂತ ಓದ್ಕೋಬಹುದು. ಏಳುನೂರ ಇಪ್ಪತ್ತು, ಏಳುನೂರ ಮೂವತ್ತು, ಏಳುನೂರ ನಲವತ್ತು. ಏಳುನೂರ ಮೂವತ್ತಮೂರು ಎಲ್ಲಿದೆ, ತೋರ್ಸು.”

ತಂಗಿಯ ಬೆರಳು ಗಾಜಿನ ಮೇಲೆ ಹೋಗಿ ನಿಂತಿತು. ತೋರಿಸಲು ಏನೂ ಇರಲಿಲ್ಲ.

“ಮುಳ್ಳು ಹೇಳದ ಅಂಕಿ ಇದು. ಮೀಟರ್ ನೋಡಿ ಬರೆದದ್ದಲ್ಲ. ಎಲ್ಲೋ ಕುರ್ಚಿ ಮೇಲೆ ಕೂತು ಲೆಕ್ಕ ಹಾಕಿ ಬರೆದದ್ದು. ಅದೂ ಅಲ್ದೆ ಮೂರು ತಂತಿಲೂ ಒಂದೇ ಕರೆಂಟಂತೆ! ಒಂದು ತಂತಿ ಮೇಲೆ ದೀಪ, ಇನ್ನೊಂದರ ಮೇಲೆ ಫ್ಯಾನು, ಎಲ್ಲಾದ್ರೂ ಸಮ ಬರುತ್ತಾ? ಒಂದು ದಿನಾನೂ ಬಂದಿಲ್ಲ.”

ತಂಗಿ ಗಾಜಿನಿಂದ ಬೆರಳು ತೆಗೆದಳು. ಅವಳ ಮುಖ ಹಾಳೆಯ ಬಣ್ಣಕ್ಕೆ ತಿರುಗಿತ್ತು.

“ಇನ್ನೊಂದು ವಿಷ್ಯ. ನಿಮ್ಮಣ್ಣನ ಬರಹ ನಾನು ಕಂಡಿದೀನಿ, ಒಟ್ಟಿಗೇ ಕಲಿತವ್ರು ನಾವು. ಕೋಳಿ ಕೆದರಿದ ಹಾಗೆ ಬರೀತಿದ್ದ. ಇದು ಮುತ್ತು ಪೋಣಿಸಿದ ಹಾಗಿದೆ.”

“ಆಮೇಲಾಮೇಲೆ ತಿದ್ಕೊಂಡಿದ್ದ ಅಕ್ಕ,” ಎಂದಳು ತಂಗಿ. ಮಾತು ಬೇಗ ಬಂತು. ಕಣ್ಣು ಬಾಗಿಲ ಕಡೆ ಹೋಯಿತು. “ಲೆಕ್ಕ ಹಾಕಿ ಬರೆದದ್ದು ಅಂದ್ರೆ… ಅದನ್ನ ನೋಡಿ ಬರೆದವ್ರಿಗೆ ಗೊತ್ತಾಗಿರುತ್ತಾ, ಅದು ಸುಳ್ಳು ಅಂತ?”

“ಮೀಟರ್ ಗೊತ್ತಿದ್ರೆ ಗೊತ್ತಾಗುತ್ತೆ. ಯಾಕೆ?”

“ಸುಮ್ನೆ ಕೇಳ್ದೆ.”

ಅವಳು ಹೊರಡಲು ತಿರುಗಿದಳು. ಏನಾದರೂ ತಿಳಿದರೆ ಹೇಳಿ ಎಂದು ಪಕ್ಕದ ಮನೆಯವರ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಅರ್ಧ ಓಡುತ್ತ ಹೊರಟಳು. ಟೆಸ್ಟರಮ್ಮ ಚೀಟಿಯನ್ನು ನೋಡದೆಯೇ ಜೇಬಿಗೆ ಹಾಕಿದಳು. ಅವಳ ಗಮನ ಗೋಡೆಯ ಗಡಿಯಾರದ ಮೇಲಿತ್ತು.

ಹನ್ನೊಂದಾಗಲು ಎರಡು ನಿಮಿಷ.

*

ಗಡಿಯಾರದ ಕೆಳಗೆ ಕಪ್ಪು ಫೋನು. ಹೊರಗಿನ ಊರಿಗೆ ಹೋಗದ, ಗಿರಣಿಯೊಳಗೇ ಸುತ್ತುವ ಫೋನು. ಸಬ್‌ಸ್ಟೇಷನ್ನಿನಿಂದ ಕರೆ ಬಂದರೆ ಒಂದೇ ಉದ್ದ ಗಂಟೆ ಹೊಡೆಯುತ್ತಿತ್ತು.

ಇಪ್ಪತ್ತಾರು ವರ್ಷ, ದಿನಾ ಹನ್ನೊಂದಕ್ಕೆ ಹೊಡೆದಿತ್ತು. ಆ ತುದಿಯಲ್ಲಿ ಮುಳ್ಳಣ್ಣ.

“ನಿನ್ನ ಗಡಿಯಾರದಲ್ಲಿ ಎಷ್ಟು?”

“ಹನ್ನೊಂದು.”

“ನನ್ನದರಲ್ಲೂ ಅಷ್ಟೇ. ಇಡ್ತೀನಿ.”

ಅಷ್ಟೇ ಮಾತು. ಇನ್ನೊಂದು ಮಾತು ಸೇರಿಸಬಹುದಿತ್ತು ಎಂದು ಇಬ್ಬರಿಗೂ ಅನಿಸಿದ್ದಿರಬಹುದು. ಸೇರಿಸಲಿಲ್ಲ. ವಯಸ್ಸು ಇಬ್ಬರಿಗೂ ಬೇರೆ ಬೇರೆ ಕೋಣೆಗಳಲ್ಲಿ ಆಯಿತು.

ಸಿಡಿದ ದಿನ ಮಾತ್ರ ಅವನು ಹೆಚ್ಚು ಮಾತಾಡಿದ್ದ.

“ಮುಳ್ಳು ಆರುನೂರ ನಲವತ್ತರಲ್ಲಿದೆ ಕಣೇ. ಪ್ಲೇಟ್ ಪ್ರಕಾರ ಇನ್ನೂ ಜಾಗ ಇದೆ. ಆದ್ರೆ ಮೈ ಮುಟ್ಟೋಕಾಗ್ತಿಲ್ಲ, ಹಂಗೆ ಕಾದಿದೆ. ಏನಂತೀಯ?”

ಪ್ಲೇಟೆಂದರೆ ಟ್ರಾನ್ಸ್‌ಫಾರ್ಮರಿನ ಮೈಗೆ ಹೊಡೆದ, ಅದರ ಸಾಮರ್ಥ್ಯ ಕೆತ್ತಿದ ತಗಡು. ಅವಳು ಬೇರೆ ಕೆಲಸದ ಗಡಿಬಿಡಿಯಲ್ಲಿದ್ದಳು. “ಪ್ಲೇಟೇ ಒಪ್ಪಿದ ಮೇಲೆ ನಿಂದೇನು? ನಡೆಸು,” ಎಂದಿದ್ದಳು.

ಎರಡು ತಾಸಿನ ನಂತರ ಕಪ್ಪು ಹೊಗೆ ಶೆಡ್ಡಿನ ಕಿಟಕಿಯನ್ನು ಮುಚ್ಚಿತು.

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನ ತಂಗಿಗೂ.

ಗಡಿಯಾರ ಹನ್ನೊಂದು ದಾಟಿತು. ಫೋನು ಗೋಡೆಗೆ ಅಂಟಿಕೊಂಡು ಸುಮ್ಮನಿತ್ತು. ಹೊಸ ಆಪರೇಟರನಿಗೆ ಹೊತ್ತು ಕೇಳುವ ಅಭ್ಯಾಸವಿರಲಿಲ್ಲ.

ಆರುನೂರ ನಲವತ್ತು ಎಂದಿದ್ದ ಅವನು. ಹಾಳೆಯಲ್ಲಿ ಅದೇ ಗಂಟೆಗೆ ಏಳುನೂರ ಎಂಬತ್ತೇಳು. ಯಾಕೆ ಏರಿಸಿದರು? ಆರುನೂರ ನಲವತ್ತರಲ್ಲೇ ಸುಟ್ಟಿದ್ದರೆ ತಪ್ಪು ಓಡಿಸಿದವನದಲ್ಲ, ಪ್ಲೇಟಿನದು.

ಅವಳು ತಂತಿಯ ದಪ್ಪ ಅಳೆಯುವ ಮೈಕ್ರೋಮೀಟರ್ ತೆಗೆದುಕೊಂಡು ಶೆಡ್ಡಿನ ಮೂಲೆಗೆ ನಡೆದಳು.

*

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಅದರ ಎಣ್ಣೆಯ ತೊಟ್ಟಿಯಿಂದ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಕರಿಕಟ್ಟಿದ ಮೂರು ಸುರುಳಿಗಳು. ಪರೀಕ್ಷೆಯ ವರದಿ ಅವಳೇ ಬರೆಯಬೇಕಿತ್ತು. ಮೂರು ಗಂಟೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅದನ್ನು ಒಯ್ಯುವವನಿದ್ದ.

ಒಳಸುರುಳಿಯ ಸುಟ್ಟ ಕಾಗದವನ್ನು ಚಾಕುವಿನಿಂದ ಕೆರೆದಳು. ತಾಮ್ರದ ನಾಲ್ಕು ಪಟ್ಟಿಗಳು ಒಂದಕ್ಕೊಂದು ಒತ್ತಿಕೊಂಡು ಸುತ್ತಿದ್ದವು. ಆ ಸುರುಳಿಯದು ಸ್ಟಾರ್ ಜೋಡಣೆ. ಹೊರಗಿನ ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟನ್ನೂ ಈ ನಾಲ್ಕು ಪಟ್ಟಿಗಳೇ ಹೊರಬೇಕು.

ಅಗಲ ಹತ್ತು ಪಾಯಿಂಟ್ ಆರು ಮಿಲಿಮೀಟರ್. ದಪ್ಪ ನಾಲ್ಕೂವರೆ. ನಾಲ್ಕು ಪಟ್ಟಿ ಸೇರಿದರೆ ಸುಮಾರು ನೂರ ತೊಂಬತ್ತು ಚದರ ಮಿಲಿಮೀಟರ್ ತಾಮ್ರ. ಚದರ ಮಿಲಿಮೀಟರಿಗೆ ಎರಡು ಪಾಯಿಂಟ್ ಎಂಟು ಆಂಪಿಯರ್, ಅದು ಈ ಶೆಡ್ಡು ಎಂದೂ ಮೀರದ ಮಿತಿ.

ಸೀಮೆಸುಣ್ಣದಿಂದ ನೆಲದ ಮೇಲೆ ಗುಣಿಸಿದಳು. ಐನೂರ ಮೂವತ್ತೆರಡು.

ಅಳಿಸಿ ಮತ್ತೆ ಗುಣಿಸಿದಳು. ಅಷ್ಟೇ ಬಂತು.

ಆರುನೂರ ಅರವತ್ತೇಳು ಹೊರಬೇಕಾದ ಸುರುಳಿ ಐನೂರ ಮೂವತ್ತೆರಡಕ್ಕೆ ಮಾಡಿದ್ದು. ಅಂದರೆ ಇದು ಐನೂರು ಕೆವಿಎ ಟ್ರಾನ್ಸ್‌ಫಾರ್ಮರೇ ಅಲ್ಲ. ನಾನೂರರದು.

ತೊಟ್ಟಿಯಿಂದ ಕಳಚಿಟ್ಟಿದ್ದ ಪ್ಲೇಟನ್ನು ಬೆಳಕಿಗೆ ಹಿಡಿದಳು. ‘500’ರ ಎರಡು ಸೊನ್ನೆಗಳು ತೆಳುವಾಗಿದ್ದವು. ಐದು ಮಾತ್ರ ಆಳವಾಗಿ, ಎರಡೇಟು ತಿಂದ ಹಾಗೆ ಕೂತಿತ್ತು.

*

“ಊಟ ಆಯ್ತೇನಮ್ಮ?”

ಎರಡೂವರೆಗೆ ಮೇಷ್ಟ್ರು ತಾವೇ ಶೆಡ್ಡಿಗೆ ಬಂದರು. ಒಂದು ಕಾಲಕ್ಕೆ ಈ ಶೆಡ್ಡಿನ ಫೋರ್‌ಮನ್, ಈಗ ಆಫೀಸಿನ ಗಾಜಿನ ಕೋಣೆಯಲ್ಲಿ ಕೂರುವ ವಿದ್ಯುತ್ ವಿಭಾಗದ ಮುಖ್ಯಸ್ಥರು. ಅವಳಿಗೂ ಮುಳ್ಳಣ್ಣನಿಗೂ ಲೆಕ್ಕ ಕಲಿಸಿದವರು. ಇದ್ದ ಒಂದು ಸ್ಟೂಲಿನ ಮೇಲೆ ಕೂತು, ಟೈಪಾಗಿದ್ದ ಫಾರಂ ಒಂದನ್ನು ಬೆಂಚಿನ ಮೇಲೆ ಹರಡಿದರು.

“ನಿನಗೆ ಶ್ರಮ ಬೇಡ ಅಂತ ನಾನೇ ತುಂಬಿದೀನಿ. ಪೂರ್ಣ ಹೊರೆಯ ಲೈನ್ ಕರೆಂಟ್ ಆರುನೂರ ಅರವತ್ತೇಳು. ಸುಟ್ಟ ಕಾರಣ, ಮಿತಿಮೀರಿದ ಹೊರೆ. ಹೊಣೆ, ಆಪರೇಟರ್. ಒಂದು ಸಹಿ ಹಾಕ್ಬಿಡು.”

“ಒಂದು ಲೆಕ್ಕದಲ್ಲಿ ಅನುಮಾನ ಇದೆ ಮೇಷ್ಟ್ರೇ.”

“ಈ ವಯಸ್ಸಲ್ಲಾ?” ಅವರು ನಕ್ಕರು. “ಕೇಳು.”

“ಕೆವಿಎ ಗೊತ್ತಿದ್ರೆ ಲೈನ್ ಕರೆಂಟ್ ಹೇಗೆ?”

“ಸಾವಿರದಿಂದ ಗುಣಿಸು, ವೋಲ್ಟೇಜಿಂದ ಭಾಗಿಸು, ಮೂರರ ವರ್ಗಮೂಲದಿಂದ ಇನ್ನೊಂದ್ಸಲ ಭಾಗಿಸು. ಮೂರು ತಂತಿ ಕಂಡ ಕೂಡ್ಲೆ ಮೂರರಿಂದ ಭಾಗಿಸೋನು ಕತ್ತೆ.”

“ಅಷ್ಟು ಹೊತ್ತು ಬೇಡ ಅಂತ ನೀವೊಂದು ಅಡ್ಡದಾರಿ ಹೇಳ್ಕೊಟ್ಟಿದ್ರಿ.”

“ನಾನೂರ ಮೂವತ್ತಮೂರು ವೋಲ್ಟಿಗೆ ತಾನೆ? ಒಂದು ಪಾಯಿಂಟ್ ಏಳು ಮೂರು ಎರಡರಿಂದ ಗುಣಿಸಿದ್ರೆ ಏಳುನೂರ ಐವತ್ತು. ಸಾವಿರಕ್ಕೆ ಏಳುನೂರ ಐವತ್ತು ಅಂದ್ರೆ ನಾಲ್ಕಕ್ಕೆ ಮೂರು. ಕೆವಿಎನ ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ರೆ ಆಂಪಿಯರ್ ಸಿಕ್ತು.” ಪಾಠದ ಸುಖಕ್ಕೆ ಅವರ ಬೆರಳುಗಳು ಗಾಳಿಯಲ್ಲೇ ಬರೆಯುತ್ತಿದ್ದವು.

“ಹಾಗಾದ್ರೆ ಐನೂರೈವತ್ತು ಕೆವಿಎಗೆ?”

“ಏಳುನೂರ ಮೂವತ್ತಮೂರು.”

“ಐನೂರ ಅರವತ್ತಕ್ಕೆ?”

“ಏಳುನೂರ ನಲವತ್ತ…”

ಬೆರಳು ನಿಂತಿತು.

“ನಲವತ್ತೇಳು,” ಟೆಸ್ಟರಮ್ಮ ಮುಗಿಸಿದಳು. “ಎಪ್ಪತ್ತಕ್ಕೆ ಏಳುನೂರ ಅರವತ್ತು. ಎಂಬತ್ತಕ್ಕೆ ಏಳುನೂರ ಎಪ್ಪತ್ತಮೂರು. ಗಂಟೆಗೆ ಹತ್ತು ಕೆವಿಎ ಹಾಗೆ ಮೆಟ್ಲು ಕಟ್ಟಿದೀರಿ ಮೇಷ್ಟ್ರೇ. ಹೊರೆ ಹಾಗೆ ಮೆಟ್ಲು ಹತ್ತುತ್ತಾ? ಮೀಟರ್ ಮುಂದೆ ನಿಂತವನು ಹೀಗೆ ಬರೆಯಲ್ಲ. ಹದಿನೈದು ವರ್ಷ ಗಾಜಿನ ಕೋಣೇಲಿ ಕೂತವರು ಬರೀತಾರೆ.”

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಎಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಸುರುಳೀನೂ ಅಳೆದೆ,” ಎಂದಳು. “ನಾನೂರು ಕೆವಿಎ. ಐದು ಅಂತ ಗುದ್ದಿದ್ದು ಯಾರು?”

“ಮೇಲಿನವ್ರು ಐನೂರು ಬೇಕು ಅಂದ್ರು. ಇದ್ದದ್ದು ನಾನೂರು. ಅವತ್ತಿನ ಹೊರೆಗೆ ಅದು ಧಾರಾಳ ಸಾಕಿತ್ತು. ಆರು ವರ್ಷ ಓಡ್ಲಿಲ್ವಾ?”

“ಹೋದ ತಿಂಗ್ಳು ಹೊಸ ಮಗ್ಗ ಕೂರಿಸೋ ತನಕ ಓಡ್ತು. ಅವನು ಪ್ಲೇಟ್ ನಂಬಿದ. ನಿಮ್ಮನ್ನ ನಂಬಿದ. ಸುಟ್ಟು ಕರಕಲಾದ. ಈಗ ಅವನ ಹೆಣದ ಮೇಲೆ ನಿಮ್ಮ ಪ್ಲೇಟ್ ಮೊಳೆ ಹೊಡೀತಿದೀರಿ.”

“ಬಾಯಿ ಬಿಗಿ ಹಿಡಿ.” ಅವರ ದನಿ ಏರಲಿಲ್ಲ. ಜೇಬಿನಿಂದ ಮಡಿಸಿದ ಹಳೆಯ ಕಾಗದ ತೆಗೆದು ಬಿಡಿಸಿದರು. “ನನ್ನೊಬ್ಬನ್ನೇ ನಂಬಿದ್ನಾ? ಇದನ್ನೂ ಓದು.”

ಆರು ವರ್ಷದ ಹಿಂದಿನ ಪರೀಕ್ಷಾ ಪ್ರಮಾಣಪತ್ರ. ಐನೂರು ಕೆವಿಎ. ಲೈನ್ ಕರೆಂಟ್ 667. ಪೂರ್ಣ ಹೊರೆಯಲ್ಲಿ ಶಾಖ ಪರೀಕ್ಷೆ, ತೃಪ್ತಿಕರ.

ಕೆಳಗೆ ಅವಳ ಸಹಿ.

ಅವಳು ಆ ಪರೀಕ್ಷೆ ಮಾಡಿರಲಿಲ್ಲ. ತಾರೀಖು ನೋಡಿದಳು. ಅಮ್ಮ ತೀರಿಕೊಂಡ ವಾರ. ಯಾರಾದರೂ ರಜೆ ಹೋಗುವಾಗ ನಾಲ್ಕೈದು ಖಾಲಿ ಫಾರಂಗಳಿಗೆ ಸಹಿ ಹಾಕಿ ಹೋಗುವುದು ಶೆಡ್ಡಿನ ರೂಢಿ. ಕೆಲಸ ನಿಲ್ಲಬಾರದಲ್ಲ. “ಹೋಗಿ ಬಾಮ್ಮ, ಉಳಿದದ್ದು ನಾನು ತುಂಬ್ಕೋತೀನಿ,” ಎಂದು ಮೇಷ್ಟ್ರು ಅವತ್ತು ಬೆನ್ನು ತಟ್ಟಿದ್ದರು. ಎಷ್ಟು ಒಳ್ಳೆಯವರು ಎಂದು ಬಸ್ಸಿನಲ್ಲಿ ಅತ್ತಿದ್ದಳು.

“ಇನ್‌ಸ್ಪೆಕ್ಟರ್‌ಗೆ ನಾನೂರು ಅಂತ ಹೇಳ್ತೀಯಾ? ಹೇಳು. ಹಾಗಾದ್ರೆ ಐನೂರು ಅಂತ ಪ್ರಮಾಣ ಮಾಡಿದ್ದು ಯಾರು ಅಂತ ಕೇಳ್ತಾನೆ. ಏನ್ ಉತ್ರ ಕೊಡ್ತೀಯ?”

‘ನಡೆಸು’ ಎಂದ ತನ್ನದೇ ದನಿ ಅವಳ ಕಿವಿಯಲ್ಲಿ ಮತ್ತೆ ಕೇಳಿತು. ಪ್ಲೇಟೇ ಒಪ್ಪಿದ ಮೇಲೆ ನಿಂದೇನು? ಪ್ಲೇಟನ್ನು ಒಪ್ಪಿದ್ದವಳು ಅವಳೇ.

ಪ್ರಮಾಣಪತ್ರವನ್ನು ಬೆಂಚಿನ ಮೇಲೆ ಮಡಿಸಿಟ್ಟು, “ನನ್ನ ತಪ್ಪು ನಾನು ಹೊರ್ತೀನಿ ಮೇಷ್ಟ್ರೇ,” ಎಂದಳು. “ನಿಮ್ಮ ಫಾರಂಗೆ ಸಹಿ ಹಾಕಲ್ಲ.”

“ನಿಂದು ನೀನು ಹೊರ್ತೀಯ. ಅವಳದು?”

“ಯಾರದು?”

“ಲಾಗ್ ಶೀಟ್ ಸುಳ್ಳು ಅಂತಾದ್ರೆ ಅದನ್ನ ಬರೆದ ಕೈ ಯಾವುದು ಅಂತ ಹುಡುಕ್ತಾರೆ. ನನ್ನ ಅಕ್ಷರ ಅಲ್ಲ ಅದು. ನೀನೇ ನೋಡು.”

ಅವಳು ನೋಡಿದಳು. ಮುತ್ತು ಪೋಣಿಸಿದಂಥ ಅಂಕಿಗಳು. ಪ್ರತಿ ಏಳರ ಸೊಂಟಕ್ಕೂ ಒಂದು ಸಣ್ಣ ಅಡ್ಡಗೆರೆ.

ಅವಳ ಕೈ ಜೇಬಿಗೆ ಹೋಯಿತು. ಬೆಳಿಗ್ಗೆ ತಂಗಿ ಬರೆದಿಟ್ಟ ಚೀಟಿ. ಆ ಫೋನ್ ನಂಬರಿನಲ್ಲಿ ಎರಡು ಏಳು. ಎರಡಕ್ಕೂ ಸೊಂಟದಲ್ಲಿ ಅಡ್ಡಗೆರೆ.

“ಹನ್ನೊಂದು ವರ್ಷದಿಂದ ಅವನ ಹಾಳೆಗಳನ್ನೆಲ್ಲ ರಜಾದಿನ ಕೂತು ಶುದ್ಧಪ್ರತಿ ಮಾಡ್ತಿದ್ದೋಳು ಅವಳು,” ಮೇಷ್ಟ್ರು ಹೇಳಿದರು. “ಅವನದು ಆಫೀಸಲ್ಲಿ ಯಾರಿಗೂ ಓದೋಕಾಗ್ತಿರ್ಲಿಲ್ಲ. ಕೊನೇ ದಿನದ ಹಾಳೆ ಎಣ್ಣೇಲಿ ನೆನೆದಿದೆ, ನಾನು ಇಳಿಸ್ಕೊಂಡಿರೋ ಈ ಚೀಟಿ ನೋಡಿ ಒಂದು ಪ್ರತಿ ಮಾಡ್ಕೊಡಮ್ಮ ಅಂದೆ. ಕಣ್ಣೊರೆಸ್ಕೊಂಡು ಮಾಡ್ಕೊಟ್ಲು. ಅಣ್ಣಂದೇ ಲೆಕ್ಕ ಅಂದ್ಕೊಂಡಿದ್ಲು.” ಅವರು ಕನ್ನಡಕ ಹಾಕಿಕೊಂಡರು. “ನೀನು ಬಾಯಿ ಬಿಟ್ರೆ ಅವಳಿಗೆ ಹೋಗೋದು ಬರೀ ಮನೆಯಲ್ಲ. ಅವಳನ್ನ ಒಳಗೆ ಹಾಕ್ತಾರೆ. ಈಗ ಹೇಳು, ಸಹಿ ಹಾಕ್ತೀಯೋ ಇಲ್ವೋ?”

ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದರು.

ಆಗ ಗೋಡೆಯ ಮೇಲಿನ ಫೋನು ಹೊಡೆಯಿತು.

ಒಂದೇ ಉದ್ದ ಗಂಟೆ.

ಹನ್ನೆರಡು ದಿನದಿಂದ ಕೇಳದ ಗಂಟೆ. ಹೊಡೆಯುತ್ತಲೇ ಇತ್ತು. ಟೆಸ್ಟರಮ್ಮ ಹೋಗಿ ಎತ್ತಿಕೊಂಡಳು.

“ಅಕ್ಕ, ನಾನು.” ತಂಗಿಯ ದನಿ. “ಸಬ್‌ಸ್ಟೇಷನ್ನಿಂದ, ಅಣ್ಣನ ಕೋಣೆಯಿಂದ ಮಾಡ್ತಿದೀನಿ. ಗಿರಣಿ ಮ್ಯಾನೇಜರ್ ಸಾಹೇಬ್ರು ಕರ್ಸಿದಾರೆ, ಎದುರಿಗೇ ಇದಾರೆ. ಲಾಗ್ ಶೀಟಲ್ಲಿರೋದು ಅಣ್ಣನ ಅಕ್ಷರಾನೇ ಅಂತ ಬರ್ಕೊಟ್ರೆ ಮನೆ ಬಿಡೋದು ಬೇಡ್ವಂತೆ. ಶೆಡ್ಡಿಗೆ ಒಂದ್ಮಾತು ಕೇಳ್ತೀನಿ ಅಂದೆ. ಕೇಳು ಅಂದ್ರು.”

ರಿಸೀವರಿನಿಂದ ಹೊರಗೂ ಬರುತ್ತಿದ್ದ ದನಿ ಮೇಷ್ಟ್ರಿಗೆ ಪೂರ್ತಿ ಕೇಳಿಸಿತ್ತು. ಕೈಯಲ್ಲಿದ್ದ ಪೆನ್ನನ್ನು ಗಾಳಿಯಲ್ಲಿ ಗೀಚಿ ಸನ್ನೆ ಮಾಡಿದರು. ಹಾಕು ಅನ್ನು.

ಇದೇ ಫೋನಿನಲ್ಲಿ ಹೋದ ಸಲ ಅವಳು ಒಂದೇ ಉಸಿರಿನಲ್ಲಿ ಉತ್ತರ ಹೇಳಿದ್ದಳು.

“ಮೊದ್ಲು ನಾನು ಹೇಳೋದನ್ನ ಪೂರ್ತಿ ಕೇಳಿಸ್ಕೋ,” ಎಂದಳು. “ಬರ್ಕೊಡದಿದ್ರೆ ಸುಳ್ಳು ಹಾಳೆ ಬರೆದೋಳು ನೀನು ಅಂತಾರೆ. ನಿನ್ನ ಮೇಲೆ ಕೇಸಾಗಬಹುದು. ನನ್ನ ಮೇಲೂ ಆಗುತ್ತೆ. ಆ ಟ್ರಾನ್ಸ್‌ಫಾರ್ಮರಿನ ಸುಳ್ಳು ಪ್ರಮಾಣಪತ್ರಕ್ಕೆ ಸಹಿ ನಂದು. ಇನ್ನೊಂದಿದೆ. ಅವತ್ತು ಹನ್ನೊಂದಕ್ಕೆ ನಿಮ್ಮಣ್ಣ ಫೋನ್ ಮಾಡಿ, ಕಾದಿದೆ, ಏನ್ಮಾಡ್ಲಿ ಅಂತ ಕೇಳ್ದ. ನಡೆಸು ಅಂದೋಳು ನಾನೇ.”

ತಂತಿಯ ಆ ತುದಿಯಲ್ಲಿ ಬರೀ ಉಸಿರು. ಅದರ ಹಿಂದೆ ಪ್ಯಾನೆಲ್ಲಿನ ಗುಂಯ್ ಸದ್ದು. ಇಪ್ಪತ್ತಾರು ವರ್ಷ ಅವನ ದನಿಯ ಹಿಂದೆ ಕೇಳಿಸುತ್ತಿದ್ದ ಸದ್ದು ಅದೇ.

“ಗೊತ್ತಿಲ್ದೆ ಅಂದ್ರಿ,” ಎಂದಳು ತಂಗಿ.

“ಗೊತ್ತಿಲ್ದೆ.”

“ನಾನೂ ಗೊತ್ತಿಲ್ದೆ ಬರೆದೆ. ಬೆಳಿಗ್ಗೆ ಗೊತ್ತಾಯ್ತಲ್ಲ ಅಕ್ಕ. ಏನ್ಮಾಡ್ಲಿ ಅಂತ ಕೇಳೋಕೆ ನಾನು ಫೋನ್ ಮಾಡ್ಲಿಲ್ಲ. ಯಾರಾದ್ರೂ ಒಬ್ರು ಕೇಳಿಸ್ಕೊಳ್ತಾ ಇರ್ಲಿ ಅಂತ ಮಾಡ್ದೆ. ಇಡ್ಬೇಡಿ.”

ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಅವಳ ದನಿ ಈಗ ದೂರದಿಂದ ಬಂತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

“ಆ ಅಕ್ಷರ ನಂದು ಸಾಹೇಬ್ರೇ. ಆ ಲೆಕ್ಕ ಅಣ್ಣಂದಲ್ಲ.”

ಕುರ್ಚಿ ಸರಿದ ಸದ್ದು. ಬಾಗಿಲಿನ ಚಿಲಕ ಒಳಗಿನಿಂದ ಬಿದ್ದ ಸದ್ದು. ಮೇಷ್ಟ್ರು ಎದ್ದು ಫೋನಿಗೆ ಕೈ ಹಾಕಿದರು. ಟೆಸ್ಟರಮ್ಮ ಅವರಿಗೆ ಬೆನ್ನು ತಿರುಗಿಸಿ, ರಿಸೀವರನ್ನು ಎರಡು ಕೈಯಲ್ಲೂ ಹಿಡಿದು ಕಿವಿಗೆ ಒತ್ತಿಕೊಂಡಳು.

“ಕೊನೇ ಸಲ ಹೇಳ್ತಿದೀನಿ,” ಗಂಡಸಿನ ದನಿ. “ಸಹಿ ಹಾಕು.”

“ಹಾಕಲ್ಲ,” ಎಂದಳು ತಂಗಿ.